ವೈಜಯಂತಿ ಮ್ಯಾಡಮ್ ಕೈಕಟ್ಟಿ ನಿಂತ ನವೆಂಬರ್

ವೈಜಯಂತಿ ದೆಹಲಿಯ ಮಯೂರ್ ವಿಹಾರ್ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರಾಗಿ ಹತ್ತೊಂಬತ್ತು ವರ್ಷ ಕಳೆದಿದ್ದಳು. ಗಂಡ ಇಂದುಶೇಖರ ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್, ಮನೆ ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ. ಬೆಳಿಗ್ಗೆ ಆರೂವರೆಗೆ ಡಬ್ಬಿ ಕಟ್ಟಿಕೊಂಡು ಹೊರಟರೆ, ಲಾಜಪತ್ ನಗರದಲ್ಲಿ ಮೆಟ್ರೊ ಬದಲಿಸಿ ಶಾಲೆ ಸೇರುವಷ್ಟರಲ್ಲಿ ಅವಳ ಅರ್ಧ ಜೀವ ಮುಗಿದಿರುತ್ತಿತ್ತು.

ಶಾಲೆಗೆ ಹೊಸ ಯಂತ್ರ ಯಾವುದೇ ಬರಲಿ, ಅದು ಅವಳ ತಲೆಗೇ ಬೀಳುತ್ತಿತ್ತು. ಮೊದಲು ಪ್ರೊಜೆಕ್ಟರ್ ಬಂತು, ಆಮೇಲೆ ಹಾಜರಿಯ ಆ್ಯಪ್, ಆಮೇಲೆ ಕೊರೊನಾ. ಆ ಎರಡು ವರ್ಷ ನಲವತ್ತು ಜನ ಶಿಕ್ಷಕರ ಮೈಕು, ಕ್ಯಾಮೆರಾ, ಮರೆತ ಪಾಸ್‌ವರ್ಡು ಎಲ್ಲ ಅವಳ ಫೋನಿನ ಮೇಲೇ ನಡೆದವು. ಈ ವರ್ಷ ಜುಲೈಯಲ್ಲಿ ಬಂದದ್ದು ಪ್ಯಾನೆಲ್. ಹಳೆಯ ಬೋರ್ಡುಗಳನ್ನು ಕಿತ್ತು, ಇಪ್ಪತ್ತೆರಡು ಕ್ಲಾಸ್‌ರೂಮುಗಳಲ್ಲೂ ಗೋಡೆಗೆ ದೊಡ್ಡ ಟಚ್‌ಸ್ಕ್ರೀನ್ ಕೂರಿಸಿದರು. ಕಂಪನಿಯವನು ಒಂದು ಶನಿವಾರ ಬಂದು, ಎರಡು ಗಂಟೆ ಗಡಗಡ ಎಲ್ಲವನ್ನೂ ತೋರಿಸಿ, ಸಮೋಸಾ ತಿಂದು ಹೋದ. ಸೋಮವಾರದಿಂದ ಕಾರಿಡಾರಿನಲ್ಲಿ "ವೈಜಯಂತಿ ಮ್ಯಾಡಮ್" ಎಂಬ ಕೂಗು ಶುರುವಾಯಿತು.

ಅವಳು ಓಡುತ್ತಿದ್ದಳು. ತನ್ನ ಏಳನೇ ಕ್ಲಾಸಿನ ಮಕ್ಕಳನ್ನು ಬಿಟ್ಟು ಓಡಿಹೋಗಿ, ಕರೆದವರನ್ನು ಪಕ್ಕಕ್ಕೆ ಸರಿಸಿ, ಟಪಟಪ ಎರಡು ಕಡೆ ಒತ್ತಿ, "ಹೋ ಗಯಾ, ಆಯ್ತು" ಎಂದು ವಾಪಸ್ ಓಡುತ್ತಿದ್ದಳು. ಹೇಳಿಕೊಡಲು ಹತ್ತು ನಿಮಿಷ ಬೇಕು, ಮಾಡಿಕೊಡಲು ಹತ್ತು ಸೆಕೆಂಡು. ಹತ್ತೊಂಬತ್ತು ವರ್ಷವೂ ಅವಳು ಆ ಹತ್ತು ಸೆಕೆಂಡನ್ನೇ ಆರಿಸಿಕೊಂಡಿದ್ದಳು. ಮರುದಿನ ಅದೇ ಟೀಚರು ಅದೇ ತೊಂದರೆಗೆ ಮತ್ತೆ ಕರೆದಾಗ, ಇವರಿಗೆ ಈ ಜನ್ಮದಲ್ಲಿ ಬರುವುದಿಲ್ಲ ಎಂದು ಒಳಗೊಳಗೇ ಸಿಡುಕುತ್ತಿದ್ದಳು.

ಹಿಂದಿ ಟೀಚರ್ ಬಿಮಲಾ ರಾವತ್ ಮಾತ್ರ ಕರೆಯುತ್ತಲೇ ಇರಲಿಲ್ಲ. ಗಢವಾಲದ ಕಡೆಯ ಹೆಂಗಸು, ಮಾರ್ಚಿಗೆ ನಿವೃತ್ತಿ. ಗಂಜಿ ಹಾಕಿದ ಕಾಟನ್ ಸೀರೆಯ ಸೆರಗನ್ನು ಬಲಭುಜದ ಮೇಲೆ ಹೊದ್ದು ಅವರು ಕ್ಲಾಸಿಗೆ ಕಾಲಿಟ್ಟರೆ ಮಕ್ಕಳು ತಾವಾಗಿಯೇ ತೆಪ್ಪಗಾಗುತ್ತಿದ್ದರು. ಜುಲೈಯಲ್ಲಿ ಒಮ್ಮೆ ಅವರು ವೈಜಯಂತಿಯನ್ನು ತಡೆದು ನಿಲ್ಲಿಸಿ, "ಬೇಟಾ, ಈ ಪ್ಯಾನೆಲ್ ತಾನಾಗೇ ಗೀಚುತ್ತೆ" ಎಂದಿದ್ದರು. ವೈಜಯಂತಿ ಗೀಟುಗಳನ್ನು ಅಳಿಸಿ, "ಏನೂ ಆಗಿಲ್ಲ ಮ್ಯಾಡಮ್, ಚೆನ್ನಾಗೇ ಇದೆ" ಎಂದು ಓಡಿದ್ದಳು. ಅದಾದ ಮೇಲೆ ಬಿಮಲಾ ಪ್ಯಾನೆಲ್ಲಿಗೆ ಹಳೆಯ ಬೆಡ್‌ಶೀಟ್ ಹೊದಿಸಿ, ಎಲ್ಲಿಂದಲೋ ತಂದ ಪುಟ್ಟ ಬಿಳಿ ಬೋರ್ಡನ್ನು ಮೇಜಿನ ಮೇಲೆ ಒರಗಿಸಿಕೊಂಡು ಪಾಠ ಮಾಡತೊಡಗಿದರು. ಹಟಮಾರಿ ಮುದುಕಿ ಎಂದುಕೊಂಡು ವೈಜಯಂತಿ ಸುಮ್ಮನಾದಳು.

ಅಕ್ಟೋಬರಿನಲ್ಲಿ ಪ್ರಿನ್ಸಿಪಾಲರ ಆದೇಶ ಬಂತು. ನವೆಂಬರ್ ಮೂವತ್ತರೊಳಗೆ ಪ್ರತಿಯೊಬ್ಬರೂ ಪ್ಯಾನೆಲ್ ಬಳಸಿ ಹತ್ತು ನಿಮಿಷ ಪಾಠ ಮಾಡಿ, ವಿಡಿಯೊ ಕೊಡಬೇಕು. ಕೊಡದವರ ಹೆಸರು ಮ್ಯಾನೇಜ್‌ಮೆಂಟಿಗೆ ಹೋಗುತ್ತದೆ. ಎಲ್ಲರನ್ನೂ ತಯಾರು ಮಾಡುವ ಜವಾಬ್ದಾರಿ ವೈಜಯಂತಿಯದು. ಅವಳ ವಾರದ ಇಪ್ಪತ್ತೆಂಟು ಪೀರಿಯಡ್ಡುಗಳಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ.

"ಅಮ್ಮಾ, ಮನಾ ಕರ್ ದೋ ನಾ, ಆಗಲ್ಲ ಅಂದ್ಬಿಡು," ಎಂದಳು ಕಾಲೇಜಿಗೆ ಹೋಗುವ ಮಗಳು ತನ್ವಿ. "ಯು ಲುಕ್ ಸೋ ಟಯರ್ಡ್. ಬೇರೆ ಯಾರಾದ್ರೂ ಮಾಡ್ಲಿ."

"ಬೇರೆ ಯಾರಿದ್ದಾರೆ?" ಎಂದಳು ವೈಜಯಂತಿ. ಪಲ್ಯಕ್ಕೆ ಒಗ್ಗರಣೆ ಹಾಕುತ್ತಾ ಆಗಲೂ ಅವಳು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದಳು.

ನವೆಂಬರ್ ಎರಡನೇ ವಾರ. ಬೆಳಿಗ್ಗೆ ಹೊಗೆ ಕವಿದು ಎದುರಿನ ಬೇವಿನಮರವೂ ಕಾಣುತ್ತಿರಲಿಲ್ಲ. ಲಾಜಪತ್ ನಗರ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಫೋನ್ ಬಂತು. "ಮ್ಯಾಡಮ್, ಪ್ಯಾನೆಲ್ ಆನ್ ಆಗ್ತಾ ಇಲ್ಲ." ಹಿಂದಿನ ಸ್ವಿಚ್ ನೋಡಿ ಎಂದು ಹೇಳುತ್ತಿದ್ದಂತೆ ಕೊನೆಯ ಮೆಟ್ಟಿಲು ತಪ್ಪಿತು. ಬಲಗೈ ಮಣಿಕಟ್ಟು ಮುರಿಯಿತು. ಎಡ ಭುಜಕ್ಕೂ ಪೆಟ್ಟು ಬಿದ್ದು, ಆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳದಾಯಿತು.

ನಾಲ್ಕನೇ ದಿನ ಅವಳು ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಶಾಲೆಗೆ ಹೊರಟಾಗ ಇಂದುಶೇಖರ ಅಡ್ಡ ನಿಂತ.

"ಹುಚ್ಚಾ ನಿಂಗೆ? ಹತ್ತು ದಿನ ರಜಾ ಹಾಕು."

"ರಜಾ ಹಾಕಿದ್ರೆ ಆ ಕೆಲಸ ಎಲ್ಲ ಅಲ್ಲೇ ಬಿದ್ದಿರುತ್ತೆ ಕಣ್ರೀ. ವಾಪಸ್ ಹೋದ್ಮೇಲೆ ನಾನೇ ತಾನೇ ಎತ್ಕೋಬೇಕು?"

ಅವನು ಆಟೋ ಕರೆದು, ಶಾಲೆಯ ಗೇಟಿನವರೆಗೆ ಬಂದು ಬಿಟ್ಟುಹೋದ.

ಆ ದಿನ ಮೊದಲು ಕರೆದದ್ದು ವಿಜ್ಞಾನದ ಟೀಚರ್. ವೈಜಯಂತಿ ಅಭ್ಯಾಸಬಲದಿಂದ ಪ್ಯಾನೆಲ್ಲಿನತ್ತ ಹೆಜ್ಜೆ ಹಾಕಿದಳು, ಕೈ ಏಳಲಿಲ್ಲ. ಬೇರೆ ದಾರಿಯಿಲ್ಲದೆ ಬಾಯಿಯಲ್ಲಿ ಹೇಳಬೇಕಾಯಿತು. ಬಲಗಡೆ ಮೂಲೆ, ಅದಲ್ಲ, ಅದರ ಕೆಳಗಿನದು, ಹಾಂ, ಈಗ ಒತ್ತಿ. ಹನ್ನೊಂದು ನಿಮಿಷ ಹಿಡಿಯಿತು. ಮಕ್ಕಳು ಗಲಾಟೆ ಎಬ್ಬಿಸಿದರು. ಬೆವರಿದ ಟೀಚರು ಇನ್ನೇನು ಅಳುವ ಹಾಗಿದ್ದರು. ಆದರೆ ಮರುದಿನ ಅವರು ಕರೆಯಲಿಲ್ಲ. ಅದರ ಮರುದಿನವೂ ಕರೆಯಲಿಲ್ಲ. ವೈಜಯಂತಿಗೆ ಇದು ಮೊದಲು ಲಕ್ಷ್ಯಕ್ಕೇ ಬರಲಿಲ್ಲ. ಬಂದಾಗ ಸಂತೋಷಕ್ಕಿಂತ ಹೆಚ್ಚಾಗಿ ಒಂದು ಥರದ ಕಸಿವಿಸಿಯಾಯಿತು.

ಆ ಶುಕ್ರವಾರ ಶಾಲೆ ಬಿಟ್ಟ ಮೇಲೆ ಅವಳು ಬಿಮಲಾರ ಕ್ಲಾಸಿಗೆ ಹೋದಳು. ಅವರು ಮಕ್ಕಳ ನೋಟ್‌ಬುಕ್ ತಿದ್ದುತ್ತಾ ಕೂತಿದ್ದರು.

"ನನ್ನ ಹೆಸರು ಬರೆದು ಕಳಿಸಿಬಿಡಿ ವೈಜಯಂತಿ ಜೀ," ಎಂದರು, ತಲೆಯೆತ್ತದೆ. "ಉಳಿದಿರೋದು ನಾಲ್ಕು ತಿಂಗಳು. ಏನು ಮಾಡ್ತಾರೆ ನನ್ನನ್ನ?"

ವಾದ ಮಾಡುವ ತ್ರಾಣ ವೈಜಯಂತಿಗಿರಲಿಲ್ಲ. "ಸರಿ ಮ್ಯಾಡಮ್. ಐದು ನಿಮಿಷ ಇಲ್ಲಿ ಕೂತು ಹೋಗ್ತೀನಿ," ಎಂದು ಹಿಂದಿನ ಬೆಂಚಿನಲ್ಲಿ ಕುಸಿದಳು.

ಬಿಮಲಾ ಅವಳ ಪ್ಲಾಸ್ಟರನ್ನು ನೋಡಿದರು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ತಂದುಕೊಟ್ಟರು. ಆಮೇಲೆ ಏನನ್ನಿಸಿತೋ, ಬಿಮಲಾ ಎದ್ದುಹೋಗಿ ಬೆಡ್‌ಶೀಟನ್ನು ಎಳೆದು ಬಿಸಾಡಿದರು. "ನೋಡಿ, ನೀವೇ ನೋಡಿ," ಎಂದು ಪೆನ್ ಹಿಡಿದು ದೊಡ್ಡದಾಗಿ ಒಂದು ಅಕ್ಷರ ಬರೆದರು. ಅಕ್ಷರದ ಕೆಳಗೆ ಎರಡು ಅಡ್ಡಾದಿಡ್ಡಿ ಗೀಟು ಮೂಡಿದವು. ಬಿಸಿ ತಗುಲಿದವರಂತೆ ಅವರು ಹಿಂದೆ ಸರಿದರು. "ಅವತ್ತು ಮಕ್ಕಳು ನಕ್ಕರು. ಮೂವತ್ತೊಂದು ವರ್ಷದಲ್ಲಿ ನನ್ನ ಕ್ಲಾಸಲ್ಲಿ ನನ್ನನ್ನ ನೋಡಿ ಯಾರೂ ನಕ್ಕಿರಲಿಲ್ಲ."

ಹಿಂದಿನ ಬೆಂಚಿನಿಂದ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಬಲಭುಜದ ಮೇಲೆ ಹೊದ್ದ ಸೆರಗಿನ ತುದಿ, ಕೈಯೆತ್ತಿದಾಗ ಮುಂದಕ್ಕೆ ತೂಗಿ ಪರದೆಗೆ ತಾಕುತ್ತಿತ್ತು. ಪರದೆ ಅದನ್ನೂ ಬೆರಳೆಂದೇ ತಿಳಿಯುತ್ತಿತ್ತು. ವೈಜಯಂತಿ ಶಾಲೆಗೆ ಸದಾ ಚೂಡಿದಾರ ಹಾಕುವವಳು. ಅವಳಿಗೆ ಹೀಗಾಗುವ ಸಂಭವವೇ ಇರಲಿಲ್ಲ.

"ಮ್ಯಾಡಮ್, ಸೆರಗು," ಎಂದಳು. "ಸೊಂಟಕ್ಕೆ ಸಿಕ್ಕಿಸಿ ಬರೀರಿ."

ಬಿಮಲಾ ಸೆರಗು ಸಿಕ್ಕಿಸಿದರು. ಇನ್ನೊಂದು ಅಕ್ಷರ, ಪಕ್ಕದಲ್ಲಿ ಮತ್ತೊಂದು, ಆಮೇಲೆ ಒಂದು ಪೂರ್ತಿ ಸಾಲು. ಬಿಳಿ ಪರದೆಯ ಮೇಲೆ ಅವರ ದುಂಡು ಕೈಬರಹ ಬಿಟ್ಟು ಬೇರೇನೂ ಮೂಡಲಿಲ್ಲ. ಅವರು ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತರು.

"ಕೈ ನಡುಗೋ ಕಾಯಿಲೆ ಶುರುವಾಯ್ತು ಅಂದ್ಕೊಂಡಿದ್ದೆ," ಎಂದರು ಕೊನೆಗೆ. "ನಮ್ಮಮ್ಮನಿಗೂ ಹಾಗೇ ಆಗಿತ್ತು. ಮನೇಲಿ ಹೇಳದೆ ಡಾಕ್ಟರ ಹತ್ತಿರ ಹೋಗಿ ಬಂದೆ, ಗೊತ್ತಾ?"

ವೈಜಯಂತಿ ಚಹಾದ ಲೋಟ ಕೆಳಗಿಟ್ಟಳು. "ನೀವು ಜುಲೈಯಲ್ಲೇ ಹೇಳಿದ್ರಿ. ನಾನು ನಿಂತು ಕೇಳಲಿಲ್ಲ. ತಪ್ಪು ನಂದು."

"ಹೌದು, ನಿಮ್ಮದೇ," ಎಂದರು ಬಿಮಲಾ ನೇರವಾಗಿ. ಆಮೇಲೆ ಪೆನ್ನನ್ನು ಕೈಬದಲಿಸಿಕೊಂಡು ಕೇಳಿದರು: "ಅಚ್ಛಾ, ಹೊಸ ಪುಟ ತೆಗೆಯೋದು ಎಲ್ಲಿ? ಎದ್ದು ಬರಬೇಡಿ. ಅಲ್ಲಿಂದಲೇ ಹೇಳಿ."

ಉಳಿದ ದಿನಗಳು ಹಾಗೇ ಹೋದವು. ಮಧ್ಯಾಹ್ನ ಮಕ್ಕಳು ಹೋದ ಮೇಲೆ ವೈಜಯಂತಿ ಒಂದೊಂದು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದಳು. ಹೇಳಿ ಹೇಳಿ ಗಂಟಲು ಕಟ್ಟಿತು, ಮಣಿಕಟ್ಟು ನೋಯುತ್ತಲೇ ಇತ್ತು. ಗಣಿತದವರಿಗೆ ಕನ್ನಡಕದ ದೋಷದಿಂದ ಚಿಕ್ಕ ಚಿಹ್ನೆಗಳು ಕಾಣುತ್ತಿರಲಿಲ್ಲ. ಇನ್ನೊಬ್ಬರಿಗೆ ಏನನ್ನಾದರೂ ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆಂಬ ಭಯ. ಇವೆಲ್ಲ ಹತ್ತು ಸೆಕೆಂಡಿನಲ್ಲಿ ಅವಳಿಗೆ ಎಂದೂ ಕಂಡಿರಲಿಲ್ಲ. ಮೂವತ್ತರ ಹೊತ್ತಿಗೆ ಮೂವತ್ತಮೂರು ವಿಡಿಯೊ ಬಂದವು. ಅದರಲ್ಲಿ ಬಿಮಲಾರದ್ದೂ ಇತ್ತು, ಮೂರನೇ ಸಲ ತೆಗೆದದ್ದು. ಉಳಿದ ಏಳು ಜನರ ಹೆಸರು ಮ್ಯಾನೇಜ್‌ಮೆಂಟಿಗೆ ಹೋಯಿತು. ಅವಳು ತಡೆಯಲು ನೋಡಿದಳು, ಆಗಲಿಲ್ಲ.

"ವೆರಿ ಗುಡ್," ಎಂದರು ಪ್ರಿನ್ಸಿಪಾಲರು. "ಏಪ್ರಿಲ್‌ನಿಂದ ಹೊಸ ಸಾಫ್ಟ್‌ವೇರ್ ಬರುತ್ತೆ. ಅದನ್ನೂ ನೀವೇ ನೋಡ್ಕೊಳ್ಳಿ."

ವೈಜಯಂತಿ ಹೊರಡಲು ಎದ್ದವಳು ಮತ್ತೆ ಕೂತಳು. "ನೋಡ್ಕೋತೀನಿ ಮ್ಯಾಡಮ್. ಆದರೆ ವಾರಕ್ಕೆ ನಾಲ್ಕು ಪೀರಿಯಡ್ ಬಿಡುವು ಬೇಕು. ಓಡಾಡಿಕೊಂಡು ಮಾಡೋಕೆ ನನ್ನ ಕೈಲಿ ಇನ್ನಾಗಲ್ಲ."

ಸಿಕ್ಕಿದ್ದು ಎರಡು. ಜನವರಿಯಲ್ಲಿ ಪ್ಲಾಸ್ಟರ್ ಬಿಚ್ಚಿದರು. ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ. ಮೊದಲ ಬಿಡುವಿನ ಪೀರಿಯಡ್ ಬುಧವಾರ ಬಂತು. ಸುಮ್ಮನೆ ಕಣ್ಣುಮುಚ್ಚಿ ಕೂರಬೇಕೆಂದು ಅವಳು ಸ್ಟಾಫ್ ರೂಮಿನ ಮೂಲೆಯ ಕುರ್ಚಿ ಹಿಡಿದಿದ್ದಳಷ್ಟೆ. ಹೆಸರು ಹೋದ ಏಳು ಜನರಲ್ಲಿ ಒಬ್ಬರಾದ ಸಂಸ್ಕೃತದ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತರು. ಒಳಗೆ ಬರುವುದೋ ಬೇಡವೋ ಎಂಬ ಅನುಮಾನ ಅವರಿಗೆ.

ವೈಜಯಂತಿ ಉಸಿರುಬಿಟ್ಟು ಎದ್ದಳು. "ನಿಮ್ಮ ಕ್ಲಾಸಿಗೇ ಹೋಗೋಣ ನಡೀರಿ ಸರ್. ನಾನು ಹಿಂದೆ ಕೂರ್ತೀನಿ."