ಬಾಗಿಲಿನ ಒದ್ದೆ ಸೀರೆ

ಹಳೆಯ ನೂಲಿನ ಸೀರೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡುವಾಗ ಒಂದು ವಾಸನೆ ಬರುತ್ತದೆ. ಅರ್ಧ ಒದ್ದೆ ಬಟ್ಟೆಯದು, ಅರ್ಧ ಅದರಲ್ಲಿ ಕೂತ ದೂಳಿನದು. ಆಷಾಢದ ಗಾಳಿ ಶುರುವಾದರೆ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ನಮ್ಮ ಕೆಲಸಗಾರರ ಮನೆಸಾಲಿನಲ್ಲಿ ಇವತ್ತಿಗೂ ಬಾಗಿಲಿಗೆ ಇಂಥದೊಂದು ಸೀರೆ ಇಳಿಬಿಡುತ್ತೇವೆ. ಚಿನ್ನ ತೆಗೆದುಕೊಂಡ ಮೇಲೆ ಉಳಿದ ಕಲ್ಲಿನ ಪುಡಿಯನ್ನು ಸುರಿದೂ ಸುರಿದೂ ಆದ ಸೈನೈಡ್ ದಿಬ್ಬದಿಂದ ಎದ್ದು ಬರುವ ದೂಳನ್ನು ಅದು ಅಷ್ಟಿಷ್ಟು ತಡೆಯುತ್ತದೆ. ಮೊನ್ನೆ ಹಾಗೆ ಹಿಂಡುತ್ತಿದ್ದಾಗ ನಾವೆಲ್ಲ ಸರ್ವೆ ಅಕ್ಕ ಎಂದು ಕರೆಯುತ್ತಿದ್ದವರು ನೆನಪಾದರು...

ಧಾರವಾಡದ ಕಡೆಯವರು, ಬೆಂಗಳೂರಿನಲ್ಲಿ ಅರ್ಥಶಾಸ್ತ್ರದ ಸಂಶೋಧನೆ ಮಾಡುತ್ತಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ಒಂದು ಬೇಸಿಗೆಗೆ ಬಂದವರು ಗಾಳಿಕಾಲ ಮುಗಿಯುವವರೆಗೆ ನಮ್ಮ ಮನೆ ಮುಂದಿನ ತಗಡಿನ ಕೋಣೆಯಲ್ಲಿ ಬಾಡಿಗೆಗಿದ್ದರು. ನಾನಾಗ ಆಂಡರ್ಸನ್‌ಪೇಟೆಯ ಶಾಲೆಗೆ ಹೊಸದಾಗಿ ಟೀಚರಾಗಿ ಸೇರಿದ್ದೆ. ಅಪ್ಪನಿಗೆ ಗಣಿಯಲ್ಲಿ ಅದಿರು ಪುಡಿ ಮಾಡುವ ಮಿಲ್ಲಿನ ಕೆಲಸ.

ತಮ್ಮ ಕೆಲಸ ಏನೆಂದು ಅವರು ಬಿಡಿಸಿ ಹೇಳಿದ್ದರು. ಈ ದೂಳಿನಿಂದ ಜನಕ್ಕೆ ಔಷಧಿಯ ಖರ್ಚು ಎಷ್ಟು, ತಪ್ಪಿದ ಕೂಲಿ ಎಷ್ಟು ಎಂದು ಮನೆಮನೆಗೂ ಹೋಗಿ ಕೇಳಬೇಕು. ದಿಬ್ಬಕ್ಕೆ ಮಣ್ಣು ಹೊದಿಸಿ ಹುಲ್ಲು ಬೆಳೆಸುವ ಖರ್ಚಿಗಿಂತ ಆ ನಷ್ಟವೇ ಹೆಚ್ಚೆಂದು ತೋರಿಸಬೇಕು. ತೋರಿಸಿದರೆ ದೂಳು ನಿಲ್ಲಿಸುವುದೇ ಲಾಭ ಎಂದು ಸರ್ಕಾರದ ಮುಂದೆ ವಾದಿಸಬಹುದು. ಒಳ್ಳೆಯ ಕೆಲಸವೇ. ಆದರೆ ಗಣಿ ನಷ್ಟದಲ್ಲಿದೆ, ಇವತ್ತೋ ನಾಳೆಯೋ ಬೀಗ ಬೀಳುತ್ತದೆ ಎಂದು ಎಲ್ಲರೂ ಹೆದರಿ ಕೂತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಊರಿಗೆ ಬಂದು ನಷ್ಟ ವಿಚಾರಿಸುವವರನ್ನು ಯಾರು ನಂಬುತ್ತಾರೆ? ಗಣಿ ಮುಚ್ಚಲು ಇನ್ನೊಂದು ಕಾರಣ ಹುಡುಕಲು ಇವರನ್ನು ಕಳಿಸಿದ್ದಾರೆ ಎಂದು ಜನ ಅಂದುಕೊಂಡರು.

ಹಾಗಾಗಿ ಸರ್ವೆ ಅಕ್ಕ ಕಾಗದ ಹಿಡಿದು ಕೋಣೆಯಿಂದ ಹೊರಬಿದ್ದರೆ ಸಾಕು, ಬಾಗಿಲುಗಳ ಒದ್ದೆ ಸೀರೆಗಳೆಲ್ಲ ಒಳಗೆ ಹೋಗುತ್ತಿದ್ದವು. ಹೆಂಗಸರು ಗಡಿಬಿಡಿಯಲ್ಲಿ ನೆಲ ಒರೆಸುತ್ತಿದ್ದರು. ಕೆಮ್ಮುವ ಮುದುಕರನ್ನು ಬೂದಿಕೋಟೆಯ ನೆಂಟರ ಮನೆಗೆ ಸಾಗಹಾಕಿದ್ದೂ ಉಂಟು. ದೂಳಿನಿಂದ ತೊಂದರೆಯೇ ಎಂದರೆ ತಮಿಳಿನವರು ತಮಿಳಿನಲ್ಲಿ, ತೆಲುಗಿನವರು ತೆಲುಗಿನಲ್ಲಿ, ನಾವು ಕನ್ನಡದಲ್ಲಿ ಇಲ್ಲವೆಂದೆವು. ನಲ್ಲಿ ನೀರಿಗೆ ದಿನಾ ಕಿತ್ತಾಡುವ ಸಾಲಿನಲ್ಲಿ ಅಂಥ ಒಗ್ಗಟ್ಟನ್ನು ನಾನು ಮತ್ತೆ ಕಂಡಿಲ್ಲ.

ನಮ್ಮ ಮನೆಯ ಸರದಿ ಬಂದ ದಿನ ಅಪ್ಪ ಟವೆಲ್ಲು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗಿ ಕೂತ. ಆದರೂ ಕೆಮ್ಮು ಕೇಳಿಸಿತು. ತಗಡಿನ ಗೋಡೆಯ ಆಚೆ ಮಲಗುತ್ತಿದ್ದ ಸರ್ವೆ ಅಕ್ಕನಿಗೆ ಅದೇನು ಹೊಸದೇ? ಬರೆಯುವುದನ್ನು ನಿಲ್ಲಿಸಿ ಅವರು ಅಮ್ಮನ ಮುಖ ನೋಡಿದರು.

“ಬೀಡಿ ಸೇದ್ತಾರಮ್ಮ, ಅದ್ಕೇ,” ಅಂದಳು ಅಮ್ಮ.

ಅಪ್ಪ ಬೀಡಿ ಮುಟ್ಟಿದವನೇ ಅಲ್ಲ. ಸರ್ವೆ ಅಕ್ಕ ತಲೆ ತಗ್ಗಿಸಿ ಹಾಗೆಯೇ ಬರೆದುಕೊಂಡರು.

ಹೊರಡುವ ಹಿಂದಿನ ದಿನ ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕೂತು, ನೀವೊಬ್ಬರಾದರೂ ನಿಜ ಹೇಳಿ ಎಂದು ಅಮ್ಮನನ್ನು ಬೇಡಿಕೊಂಡರು. “ನಾ ಕಿವಿಲೆ ಕೇಳಿದ ಕೆಮ್ಮು ಲೆಕ್ಕಕ್ಕ ಬರೂದಿಲ್ರೀ. ನೀವು ಬಾಯಿಬಿಟ್ಟು ಹೇಳಿದ್ದಷ್ಟ ಬರತದ.”

ಅಮ್ಮ ರಾಗಿ ಮುದ್ದೆ ತಿರುವುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ದೂಳು ಐತೆ ಅಂದ್ರೆ ಗಣಿ ಮುಚ್ತಾರೆ ಕಣಮ್ಮ. ಆಮೇಲೆ ಒಟ್ಟೆಗೆ ಏನ್ ತಿನ್ನೋದು, ದೂಳಾ?”

ಆ ರಾತ್ರಿ ಸರ್ವೆ ಅಕ್ಕ ನಮ್ಮ ಜೊತೆಗೇ ಕೂತು ಆ ಮುದ್ದೆ ಉಂಡರು.

ಮರುದಿನ ಬಂಗಾರಪೇಟೆ ಸ್ಟೇಷನ್ನಿನವರೆಗೆ ನಾನೇ ಹೋಗಿ ಬಿಟ್ಟುಬಂದೆ. ರೈಲು ತಡವಾಗಿತ್ತು. ಜನರ ಮಾತಿನ ಪ್ರಕಾರ ದೂಳಿನ ಹಾನಿ ಅತ್ಯಲ್ಪ, ದಿಬ್ಬಕ್ಕೆ ಮಣ್ಣು ಹೊದಿಸುವ ಖರ್ಚು ಗಿಟ್ಟುವುದಿಲ್ಲ ಎಂದೇ ತಾವು ಬರೆಯಬೇಕಾಗುತ್ತದೆ ಎಂದು ಅಲ್ಲಿ ಹೇಳಿದರು. ಕಣ್ಣು ಒರೆಸಿಕೊಂಡರು. ದೂಳು ಬಿತ್ತೇನೋ ಎಂದು ನಾನು ಕೇಳಲಿಲ್ಲ... ಮತ್ತೆ ಅವರು ಈ ಕಡೆ ಬರಲಿಲ್ಲ. ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ.

ದೂಳು ಇಲ್ಲವೆಂದರೂ ಗಣಿ ಮುಚ್ಚಿತು. ಅದಕ್ಕೂ ಮೊದಲೇ ಅಪ್ಪ ಕೆಮ್ಮಿ ಕೆಮ್ಮಿ ಸೊರಗಿ ತೀರಿಕೊಂಡ. ದಿಬ್ಬ ಮಾತ್ರ ಹಾಗೇ ಇದೆ. ನನ್ನ ಸಿಟ್ಟು ಅಮ್ಮನ ಮೇಲಲ್ಲ, ಸರ್ವೆ ಅಕ್ಕನ ಮೇಲೂ ಅಲ್ಲ. ಹೊಟ್ಟೆಪಾಡಿಗೆ ಹೆದರಿದವರು ಬಾಯಿಬಿಟ್ಟರೆ ಮಾತ್ರ ಅದು ಕಾಯಿಲೆ ಎನ್ನುವ ಆ ಲೆಕ್ಕದ ಮೇಲೆ. ಆ ಸಿಟ್ಟು ಇನ್ನೂ ಆರಿಲ್ಲ.

ಮೊನ್ನೆ ನಾನು ಸೀರೆ ಹಿಂಡಿ ಬಾಗಿಲಿಗೆ ಹಾಕಿ ಒಳಗೆ ಬಂದಿದ್ದೆನಷ್ಟೆ. ಹೊರಗೆ ಯಾರೋ ಕರೆದರು. ಫೋನು ಹಿಡಿದುಕೊಂಡ ಚಿಕ್ಕ ವಯಸ್ಸಿನ ಹೆಣ್ಣುಮಗಳು, ದೂಳಿನ ಸರ್ವೆಗೆ ಬಂದಿದ್ದೇನೆ ಅಂದಳು. ಆ ಮಾತು ಕಿವಿಗೆ ಬಿದ್ದದ್ದೇ ಮೊಣಕಾಲು ನೋವಿನ ನನ್ನ ಅಮ್ಮ ಗೋಡೆ ಹಿಡಿದು ಎದ್ದು ಬಂದು ಸೀರೆಯನ್ನು ಎಳೆದು ಮಂಚದ ಕೆಳಗೆ ತುರುಕಿದಳು. “ದೂಳೇನೂ ಇಲ್ಲಮ್ಮ ಇಲ್ಲಿ,” ಅಂದಳು.

ನಾನು ಸೀರೆಯನ್ನು ಎಳೆದು ತಂದು ಆ ಹುಡುಗಿಯ ಎದುರಿಗೇ ಮತ್ತೆ ಬಾಗಿಲಿಗೆ ಹಾಕಿದೆ. “ಬರ್ಕೊಳಮ್ಮ. ನಮ್ಮಪ್ಪ ಬೀಡಿ ಸೇದ್ತಿರಲಿಲ್ಲ.”

ಅವಳು ಫೋನಿನಲ್ಲಿ ಏನೋ ಹುಡುಕಿದಳು. ಆಮೇಲೆ ಮೆತ್ತಗೆ ಹೇಳಿದಳು, “ಈಗ ಮನೇಲಿ ಇರೋರ್ದು ಮಾತ್ರ ಬೇಕು ಆಂಟಿ.”