ಟಿವಿಯ ಹಿಂದೆ ಸಿಕ್ಕಿಕೊಂಡ ಒಂಟೆ

ಆಗೆಲ್ಲ ಡಿಸೆಂಬರ್ ಬಂತೆಂದರೆ ಗಲ್ಫಿನ ಅಲ್ ಕುಸೈಸ್‌ನ ನಮ್ಮ ಫ್ಲಾಟಿನ ತುಂಬ ಕಾದ ಎಣ್ಣೆಯ ವಾಸನೆ. ಕ್ರಿಸ್ಮಸ್ಸಿನ ಕಿಡಿಯೊ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿ, ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ತುಂಬುತ್ತಿದ್ದೆವು. ಬಾಲ್ಕನಿಯ ಬಾಗಿಲು ತೆರೆದಿಡಬಹುದಾದ ತಿಂಗಳು ಅದು. ವಿಮಾನಗಳು ಕಟ್ಟಡಗಳ ತಲೆ ಸವರಿದ ಹಾಗೆ ಕೆಳಗಿಳಿಯುತ್ತಿದ್ದವು. ಮೊಮ್ಮಗಳು ಶೆರಿಲ್‌ಗೆ ಆಗ ಏಳು ವರ್ಷ. ಅವಳಿಗೆ ಶಾಲೆಗೆ ರಜೆ, ಅವಳ ತಾಯಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಮಗುವನ್ನು ನೋಡಿಕೊಳ್ಳಲೆಂದೇ ನನ್ನನ್ನು ಊರಿನಿಂದ ಕರೆಸಿಕೊಂಡಿದ್ದರು. ಅದು ಅವಳ ಬಾಲ್ಯದ ರಜೆ. ಆದರೆ ನೆನೆಸಿಕೊಂಡಾಗಲೆಲ್ಲ ನನ್ನ ಬಾಲ್ಯವೂ ಅದರೊಳಗೆ ಕಲಸಿ ಬರುತ್ತದೆ. ಬೇರೆ ಮಾಡಲು ನನಗೆ ಬರುವುದಿಲ್ಲ.

ಟಿವಿ ಇಟ್ಟ ಉದ್ದ ಮೇಜಿನ ಒಂದು ತುದಿಯಲ್ಲಿ ಗೋದಲಿ ಕಟ್ಟಿದ್ದೆವು. ಬಾಲ ಯೇಸು, ದನ, ಕುರಿ ಎಲ್ಲ ಅಲ್ಲಿ. ಮೂವರು ಅರಸರು, ಅವರ ಒಂಟೆ ಮಾತ್ರ ಅಲ್ಲಿಲ್ಲ. ಮಗುವನ್ನು ನೋಡಲು ದೂರದಿಂದ ಹೊರಟ ಅವರು ತಲುಪಬೇಕಾದದ್ದು ಜನವರಿ ಆರಕ್ಕೆ. ಅದಕ್ಕೇ ನಮ್ಮ ಮನೆಯಲ್ಲಿ ಅವರನ್ನು ಮೇಜಿನ ಇನ್ನೊಂದು ತುದಿಯಿಂದ ದಿನಕ್ಕೆ ಒಂದು ಗೇಣು ನಡೆಸಿಕೊಂಡು ಬರುವುದು ಕ್ರಮ. ಆ ವರ್ಷ ಅವರನ್ನು ನಡೆಸುವ ಕೆಲಸ ಶೆರಿಲ್‌ದು. ಟಿವಿಯ ಮುಂದಿನಿಂದ ಹೋದರೆ ಅಪ್ಪ ಬೈಯುತ್ತಾನೆಂದು ಅವಳು ಹಿಂದಿನಿಂದ ದಾರಿ ಮಾಡಿದ್ದಳು. ಅಲ್ಲಿ ಒರೆಸುವವರಿಲ್ಲದೆ ಧೂಳು ಮರಳಿನ ಹಾಗೆಯೇ ಕೂತಿತ್ತು.

ಕ್ರಿಸ್ಮಸ್ ಕಳೆದು ನಾಲ್ಕು ದಿನಕ್ಕೆ ಊರಿನಲ್ಲಿ ನನ್ನ ಅಕ್ಕ ಸೆರಾಫಿನಳ ಮೊಮ್ಮಗನ ರೋಸ್. ಮದುವೆಯ ಮುನ್ನಾದಿನ ತಲೆಗೆ ತೆಂಗಿನಹಾಲು ಎರೆದು ಮೀಯಿಸುವ ಶಾಸ್ತ್ರ. ಅದಕ್ಕೆ ಹೆಂಗಸರು ವೊವಿಯೊ ಹಾಡಬೇಕು. ನಮ್ಮ ಕುಟುಂಬದಲ್ಲಿ ಮೊದಲ ಸಾಲು ಎತ್ತುವುದು ಯಾವತ್ತೂ ಅಕ್ಕನೇ. ಆ ವರ್ಷ ಮಳೆಗಾಲದಲ್ಲಿ ಅವಳು ಬಿದ್ದಿದ್ದಳು. ಆಮೇಲೆ ನಾನು ಫೋನ್ ಮಾಡಿದಾಗಲೆಲ್ಲ ಅವಳ ಮಗ, "ಅಮ್ಮ ಚೆನ್ನಾಗಿದ್ದಾರೆ, ಈಗಷ್ಟೇ ಮಲಗಿದ್ರು" ಎನ್ನುತ್ತಿದ್ದ. ಹಗಲು ಹನ್ನೊಂದಕ್ಕೂ ಮಲಗಿದ್ದಾಳೆ, ಸಂಜೆ ಐದಕ್ಕೂ ಮಲಗಿದ್ದಾಳೆ. ನಾನು ಓದಿದ್ದು ಕಡಿಮೆ, ಆದರೆ ಅಷ್ಟು ದಡ್ಡಿಯಲ್ಲ. ರೋಸನ್ನು ವಿಡಿಯೋದವರು ಇಂಟರ್ನೆಟ್ಟಿನಲ್ಲಿ ನೇರ ತೋರಿಸುತ್ತಾರೆಂದು ಗೊತ್ತಾದಾಗ ನನಗೆ ಬೇಕಾಗಿದ್ದು ಒಂದೇ. ಅಕ್ಕನನ್ನು ಕಣ್ಣಾರೆ ನೋಡಬೇಕು. ಅವಳು ಹಾಡಿದರೆ ಇದ್ದಾಳೆ, ಇಲ್ಲದಿದ್ದರೆ ಇಲ್ಲ.

ಅಳಿಯ ವಿಲ್ಲಿಯ ಲ್ಯಾಪ್‌ಟಾಪಿನ ಪರದೆ ಒಡೆದು ಕಪ್ಪಾಗಿತ್ತು. ರಿಪೇರಿ ಮಾಡಿಸುವ ಬದಲು ಒಂದು ಕೇಬಲ್ ತಂದು ಟಿವಿಗೆ ಸಿಕ್ಕಿಸಿ ಅದರಲ್ಲೇ ಎಲ್ಲ ನೋಡುತ್ತಿದ್ದ. ರೋಸ್‌ನ ದಿನ ಸಂಜೆ ಅವನು ಪುಟ ತೆರೆದಾಗ ಟಿವಿಯಲ್ಲಿ ಮದುಮಗನ ಹೆಸರು, ಎರಡು ಗುಲಾಬಿ ಹೂವು ಸರಿಯಾಗಿಯೇ ಬಂತು. ನಾನು ಕಿಡಿಯೊ ತಟ್ಟೆಗೆ ಹಾಕಿಕೊಂಡು ಬರುವಷ್ಟರಲ್ಲಿ ಟಿವಿ ನೀಲಿಯಾಗಿತ್ತು. ಮೂಲೆಯಲ್ಲಿ ಏನೋ ಇಂಗ್ಲಿಷ್.

"ಎಂತ ಆಯ್ತು?"

"ಸಿಗ್ನಲ್ ಇಲ್ಲ ಹೇಳ್ತದೆ ಮಾಂಯ್. ಒಂದು ನಿಮಿಷ."

ಒಂದು ನಿಮಿಷ ಎಂದವನು ರಿಮೋಟ್ ಒತ್ತಿದ. ಒಂದನೇ ತೂತಿನದು, ಎರಡನೇ ತೂತಿನದು, ಎಲ್ಲ ಬದಲಿಸಿ ನೋಡಿದ. ಟಿವಿ ಆರಿಸಿ ಹಾಕಿದ. ನೀಲಿ ಹೋಗಲಿಲ್ಲ. ಅಷ್ಟರಲ್ಲಿ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿಂದ ಸದ್ದು ಹೊರಟಿತು. ಕುರ್ಚಿ ಎಳೆಯುವುದು, ಮಕ್ಕಳ ಗಲಾಟೆ, ಯಾರೋ ಗಂಡಸು "ನೀರು ಎಲ್ಲಿ, ನೀರು?" ಎಂದು ಕೂಗಿದ್ದು.

"ಲ್ಯಾಪ್‌ಟಾಪನ್ನೇ ಒಮ್ಮೆ ಆಫ್ ಮಾಡಿ ಆನ್ ಮಾಡ್ತೇನೆ" ಎಂದ ವಿಲ್ಲಿ.

"ಮುಟ್ಟಿದ್ರೆ ಕೈ ಮುರೀತೇನೆ. ಇದ್ದ ಸದ್ದೂ ಹೋದ್ರೆ? ಮತ್ತೆ ಆ ಕಪ್ಪು ಪರದೆಯಲ್ಲಿ ಎಂತ ಹುಡುಕ್ತಿ ನೀನು?"

ಅವನು ಕೈ ಹಿಂದೆ ತೆಗೆದುಕೊಂಡು, ಯಾರೋ ಗೆಳೆಯನಿಗೆ ಫೋನ್ ಮಾಡುತ್ತ ಬಾಲ್ಕನಿಗೆ ಹೋದ. ನಾನು ನೆಲದ ಮೇಲೆ ಕೂತು ಲ್ಯಾಪ್‌ಟಾಪಿಗೆ ಕಿವಿ ಕೊಟ್ಟೆ. ಶೆರಿಲ್ ಬಂದು ನನ್ನ ತೊಡೆಗೆ ತಲೆಯಿಟ್ಟಳು. ಟಿವಿಯ ನೀಲಿ ಬೆಳಕು ಕೋಣೆಯಿಡೀ ನೀರಿನ ಹಾಗೆ ತುಂಬಿತ್ತು. ನಾವಿಬ್ಬರೂ ಅದರ ತಳದಲ್ಲಿ ಕೂತ ಹಾಗೆ.

"ವ್ಹಡ್ಲಿಮಾಂಯ್, ವಾಟ್ ಆರ್ ದೇ ಡೂಯಿಂಗ್?"

"ಈಗ ಚಾಪೆ ಹಾಸಿದ್ರು. ತೆಂಗಿನ ಮಡಲಿನ ಚಪ್ಪರದ ಕೆಳಗೆ. ಪೆಟ್ರೋಮ್ಯಾಕ್ಸ್ ಸುಯ್ಯೆಂತ ಉಂಟು, ಕೇಳು. ಬಾವಿಕಟ್ಟೆಯ ಹತ್ರ ಹೆಂಗಸರು ಕಾಯಿ ತುರೀತಾ ಇದ್ದಾರೆ."

"ಆರ್ ಯೂ ದೇರ್?"

"ಮೇಜಿನ ಅಡಿಯಲ್ಲಿ ಇದ್ದೇನೆ. ನಾನು ಮತ್ತು ಅಕ್ಕ."

ಹಾಗೆ ಹೇಳುತ್ತ ಹೋದೆ. ಸದ್ದು ಅಲ್ಲಿಯದು, ನನಗೆ ಕಾಣುತ್ತಿದ್ದದ್ದು ಬೇರೆ. ನಮ್ಮ ಚಿಕ್ಕಪ್ಪನ ರೋಸ್‌ಗೆ ಕಾಯಿ ತುರಿಯಲು ಅಕ್ಕನನ್ನೂ ನನ್ನನ್ನೂ ಕೂರಿಸಿದ್ದರು. ಮೊದಲ ಹಾಲು ನೆಕ್ಕಿದ್ದಕ್ಕೆ ಅಜ್ಜಿ ಗೆಣ್ಣಿನ ಮೇಲೆ ಸಟ್ಟುಗದಿಂದ ಬಾರಿಸಿದಳು. ಓಡಿಹೋಗಿ ಮೇಜಿನಡಿ ಅಡಗಿದೆವು. ಮಲ್ಲಿಗೆ, ಹಸಿ ಮಡಲು, ಹಂದಿಮಾಂಸದ ಮಸಾಲೆ, ಎಲ್ಲ ಒಟ್ಟಿಗೆ ಮೂಗಿಗೆ ಬಡಿಯುತ್ತಿತ್ತು. ಅಲ್ಲಿ ಕೂತೇ ಅಕ್ಕ ನನಗೆ ವೊವಿಯೊ ಕಲಿಸಿದ್ದು. ಒಂದು ಸಾಲು ಮುಗಿದ ಕೂಡಲೆ ತೊಡೆ ಚಿವುಟುತ್ತಿದ್ದಳು. ಚಿವುಟಿದರೆ ಮುಂದಿನ ಸಾಲು ಬರಬೇಕು. ಬಾರದಿದ್ದರೆ ಇನ್ನೊಮ್ಮೆ, ಗಟ್ಟಿಯಾಗಿ. ಮದುವೆ ಮುಗಿಯುವಷ್ಟರಲ್ಲಿ ನನಗೆ ಹಾಡು ಪೂರ್ತಿ ಬಂದಿತ್ತು, ತೊಡೆ ನೀಲಿಗಟ್ಟಿತ್ತು.

ಲ್ಯಾಪ್‌ಟಾಪಿನಲ್ಲಿ ವೊವಿಯೊ ಶುರುವಾಯಿತು. ಎಳೆಯ ದನಿಗಳು, ಮೈಕಿನಲ್ಲಿ. ನಾನು ಮಾತು ನಿಲ್ಲಿಸಿದೆ. ಒಂದೊಂದೇ ದನಿ ಹೆಕ್ಕಿ ನೋಡಿದೆ. ಅಕ್ಕನ ದನಿ ಇರಲಿಲ್ಲ. ಮೊದಲ ಸಾಲನ್ನು ಎತ್ತಿದ್ದೂ ಬೇರೆ ಯಾರೋ.

ವಿಲ್ಲಿ ಬಾಲ್ಕನಿಯಿಂದ ಒಳಗೆ ಬಂದ. "ಮಾಂಯ್, ಅವನಿಗೂ ಗೊತ್ತಾಗ್ಲಿಲ್ಲ. ಖಲಾಸ್, ನಾಳೆ ಸಿ.ಡಿ. ಕಳಿಸ್ಲಿಕ್ಕೆ ಹೇಳುವ."

ತಟ್ಟೆಯ ಕಿಡಿಯೊ ಬಾಯಿಗೆ ಹಾಕಿಕೊಂಡೆ. ಕಲ್ಲಿನ ಹಾಗಿತ್ತು.

ದೀಪ ಹಚ್ಚುವ ಹೊತ್ತಾಗಿತ್ತು. ಪ್ರಾರ್ಥನೆಗೆ ಮೊದಲು ಅರಸರನ್ನು ಒಂದು ಗೇಣು ನಡೆಸಬೇಕಲ್ಲ, ಶೆರಿಲ್ ಎದ್ದು ಟಿವಿಯ ಹಿಂದೆ ಕೈ ಹಾಕಿದಳು.

"ವ್ಹಡ್ಲಿಮಾಂಯ್, ಕ್ಯಾಮಲ್ ಈಸ್ ಸ್ಟಕ್."

"ಎಲ್ಲಿ?"

"ವಯರ್‌ನಲ್ಲಿ. ವ್ಹಡ್ಲಿಮಾಂಯ್ ಕಿಚನ್‌ಗೆ ಹೋದಾಗ ನಾನು ಸರಿ ಇಟ್ಟದ್ದು, ಅದೇ ಬಿದ್ದಿದೆ."

ವಿಲ್ಲಿ ಹೋಗಿ ಬಗ್ಗಿ ನೋಡಿದ. ಟಿವಿಗೂ ಗೋಡೆಗೂ ನಡುವೆ ಒಂಟೆ ಅಡ್ಡಬಿದ್ದು, ಅದರ ಕತ್ತು ಕೇಬಲ್ಲನ್ನು ಎತ್ತಿ ಹಿಡಿದಿತ್ತು. ಪ್ಲಗ್ ತೂತಿನಲ್ಲೇ ಇದ್ದ ಹಾಗೆ ಕಾಣುತ್ತಿತ್ತು, ಆದರೆ ಅರ್ಧ ಹೊರಗೆ ಬಂದಿತ್ತು. ಅವನು ಒಂಟೆಯನ್ನು ಬಿಡಿಸಿ ಪ್ಲಗ್ಗನ್ನು ಒತ್ತಿದ. ಟಿವಿ ಒಮ್ಮೆ ಕಪ್ಪಾಯಿತು. ಆಮೇಲೆ ಊರು ಬಂತು.

ಚಪ್ಪರ ಇಲ್ಲ. ಬಾವಿ ಇಲ್ಲ. ಒಂದು ಹಾಲ್, ಬಲೂನು, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು. ಶೆರಿಲ್ ಟಿವಿಯ ಹತ್ತಿರ ಹೋಗಿ ಹುಡುಕಿದಳು.

"ವೇರ್ ಈಸ್ ದ ಬಾವಿ? ಮೇಜು ಎಲ್ಲಿ?"

"ಅದು ನನ್ನ ಕಾಲದ್ದು. ಅಡ್ಡ ನಿಲ್ಲಬೇಡ."

ಅಕ್ಕ ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿದ್ದಳು. ಸೊರಗಿ ಅರ್ಧವಾದ ಅಕ್ಕ. ಕುತ್ತಿಗೆಯಲ್ಲಿ ಚಿನ್ನದ ಸರ ಜೋತಾಡುತ್ತಿತ್ತು. ಹಾಡುವ ಹುಡುಗಿಯರು ಕಾಗದ ನೋಡಿಕೊಂಡು, ಬೇಗ ಮುಗಿಸಲು ನಡುವಿನ ಸಾಲುಗಳನ್ನು ಹಾರಿಸಿ ಆಗಲೇ ಕೊನೆಗೆ ಬಂದಿದ್ದರು. ಕ್ಯಾಮೆರಾದವನು ಸುಮ್ಮನೆ ಅಕ್ಕನ ಮುಖದ ಮೇಲೆ ನಿಲ್ಲಿಸಿದ. ಅವಳ ತುಟಿ ಅಲ್ಲಾಡುತ್ತಿತ್ತು. ದನಿ ಹೊರಡುತ್ತಿರಲಿಲ್ಲ, ಆದರೆ ಅವಳು ಹಾಡುತ್ತಿದ್ದಳು. ಹುಡುಗಿಯರ ಸಾಲಲ್ಲ. ಅವರು ಬಿಟ್ಟ ಸಾಲು. ಯಾವ ಸಾಲೆಂದು ಆ ತುಟಿ ನೋಡಿಯೇ ನನಗೆ ಗೊತ್ತಾಯಿತು.

ನಾನು ಹಾಡಿದೆ. ಅಲ್ ಕುಸೈಸ್‌ನ ಮೂರನೇ ಮಹಡಿಯಲ್ಲಿ, ಅವಳ ತುಟಿಗೆ ಸರಿಯಾಗಿ, ಗಟ್ಟಿಯಾಗಿ. ಎದುರಿನ ಫ್ಲಾಟಿನವರು ಬಾಗಿಲು ತೆರೆದರು. ವಿಲ್ಲಿ ಮೆಲ್ಲಗೆ, "ಮಾಂಯ್, ಅವರಿಗೆ ಅಲ್ಲಿ ಕೇಳುವುದಿಲ್ಲ" ಎಂದ.

"ಗೊತ್ತುಂಟು. ನೀನು ಸುಮ್ಮನೆ ಕೂರು."

ಸಾಲು ಮುಗಿದಾಗ ಪಕ್ಕದಲ್ಲಿ ಕೂತಿದ್ದ ಶೆರಿಲ್‌ಳ ತೊಡೆ ಚಿವುಟಿದೆ. ಅವಳು "ಔಚ್" ಎಂದಳು. ಆಮೇಲೆ ಅರ್ಥವಾಗಿ, ನಾನು ಹಾಡಿದ ಸಾಲನ್ನೇ ಹೇಳಿದಳು.

ಮುಂದಿನ ಮಳೆಗಾಲ ಅಕ್ಕ ನೋಡಲಿಲ್ಲ. ಈಗ ನನ್ನ ಕೈಯಲ್ಲೇ ಫೋನ್ ಉಂಟು, ಕೇಬಲ್ ಬೇಡ, ಬೇಕೆಂದಾಗ ಬೇಕಾದವರ ಮುಖ ಬರುತ್ತದೆ. ನೋಡಲೇಬೇಕಾದ ಮುಖಗಳು ಮಾತ್ರ ಹೆಚ್ಚು ಉಳಿದಿಲ್ಲ. ಮಗಳ ಮನೆಗೆ ಈಗ ಅಂಗಡಿಯ ಗೋದಲಿ ತರುತ್ತಾರೆ. ಅದರಲ್ಲಿ ಅರಸರನ್ನು ಒಂಟೆಯ ಸಮೇತ ಮೊದಲೇ ಅಂಟಿಸಿರುತ್ತಾರೆ. ಯಾರೂ ಎಲ್ಲಿಂದಲೂ ನಡೆದು ಬರಬೇಕಾಗಿಲ್ಲ.

ಆ ರೋಸ್‌ನ ಸಿ.ಡಿ. ಮನೆಯಲ್ಲಿದೆ. ಅದರಲ್ಲಿ ಅಕ್ಕನ ತುಟಿ ಉಂಟು, ದನಿ ಇಲ್ಲ. ನಾನು ಹೋದ ಮೇಲೆ ಅದನ್ನು ನೋಡಿದವರಿಗೆ ಯಾರೋ ಮುದುಕಿ ಏನೋ ಜಗಿಯುತ್ತಿದ್ದಾಳೆ ಎನಿಸಬಹುದು. ಶೆರಿಲ್ ನನಗಿಂತ ಎತ್ತರ ಬೆಳೆದಿದ್ದಾಳೆ. ಆಮೇಲೆ ನಾನು ಕಲಿಸಿದ ಹಾಡಿನ ಮೊದಲ ಎರಡು ಸಾಲು ಅವಳಿಗೆ ಇವತ್ತಿಗೂ ಬರುತ್ತದೆ.

ಮೂರನೆಯದಕ್ಕೆ ಚಿವುಟಬೇಕು.