ಕಾಲೆತ್ತುವ ಅಲ್ಲಾಉದ್ದೀನ

ಗದಗ ಡಿಪೋದ ಡ್ರೈವರ್ ಅಲ್ಲಾಉದ್ದೀನರ ಜೊತೆ ನಾನು ಹದಿನಾಲ್ಕು ವರ್ಷ ಮುಂಡರಗಿ ಬಸ್ಸಿನ ಕಂಡಕ್ಟರ್. ಡೀಸೆಲ್ ಉಳಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಇಳಿಜಾರು ಕಣ್ಣಿಗೆ ಬೀಳುವ ಮೊದಲೇ ಅವರ ಬಲಗಾಲು ಎಕ್ಸಲರೇಟರಿನಿಂದ ಮೇಲೆದ್ದಿರುತ್ತಿತ್ತು. ಬಸ್ಸು ತನ್ನಷ್ಟಕ್ಕೆ ಉರುಳುತ್ತಿತ್ತು.

ನಾನೋ ಬಾಯಿಬಡಕಿ. ಒಮ್ಮೆ ಕೆಣಕಿದೆ: "ಚಾಚಾ, ದಿಲ್ಲಿ ಕಾಯ್ದೆದಾಗ ರಸ್ತೆಕ್ಕ ರೊಕ್ಕ ಬರೂದು ಡೀಸೆಲ್ ಮ್ಯಾಲಿನ ಸೆಸ್ಸು ಅನ್ನೂ ತೆರಿಗಿಯಿಂದ. ನೀವು ಡೀಸೆಲ್ ಉಳಿಸಿ ರಸ್ತೆ ಹಾಳ ಮಾಡಾಕತ್ತೀರಿ ನೋಡ್ರಿ."

"ಹೊಗಿ ಬಿಟ್ಟಷ್ಟು ರಸ್ತೆ ಅಂದ್ರ ಇದೆಂಥಾ ಲೆಕ್ಕನವಾ ರಂಜನಾ? ಕಾಯ್ದೆ ಬರದವ್ರನ್ನ ಒಂದಿನ ನಮ್ಮ ಸ್ಟ್ಯಾಂಡಿನ್ಯಾಗ ನಿಂದರಸಬೇಕು" ಎಂದರು. ಅವರ ಹೆಂಡತಿ ದಿಲಶಾದಬಿ ಮುಂಡರಗಿ ಸ್ಟ್ಯಾಂಡಿನಲ್ಲಿ ಬಳೆ ಮಾರುತ್ತ, ಬಸ್ಸುಗಳ ಹೊಗೆ ಕುಡಿದು ಕೆಮ್ಮು ಹತ್ತಿಸಿಕೊಂಡಿದ್ದರು.

ಹೋದ ವರ್ಷ ಕೇಂದ್ರದ ಹಣದಲ್ಲಿ ಕರೆಂಟಿನ ಬಸ್ಸೊಂದು ಪರೀಕ್ಷೆಗೆ ಬಂತು. ಒಂದೇ ಚಾರ್ಜಿನಲ್ಲಿ ಮುಂಡರಗಿಗೆ ಎರಡು ಸಲ ಹೋಗಿಬಂದು ಬ್ಯಾಟರಿಯಲ್ಲಿ ನೂರಕ್ಕೆ ಇಪ್ಪತ್ತು ಉಳಿಯಬೇಕು. ಉಳಿಯದಿದ್ದರೆ ನಮಗೆ ಬರಬೇಕಾದ ಬಸ್ಸುಗಳು ಬೇರೆ ಜಿಲ್ಲೆಗೆ. ಬಸ್ಸು ಕಂಪನಿಯ ಡ್ರೈವರ್ ಗೋಪಣ್ಣ ಎರಡು ದಿನವೂ ನೂರಕ್ಕೆ ಹನ್ನೊಂದೇ ಉಳಿಸಿ ತಂದು ನಿಲ್ಲಿಸಿದ. ಮೂರನೆಯದು ಕೊನೆಯ ದಿನ. ಮ್ಯಾನೇಜರು ಅಲ್ಲಾಉದ್ದೀನರನ್ನು ಕೂರಿಸಿದರು.

ಆ ಬಸ್ಸಿನಲ್ಲಿ ಕಾಲೆತ್ತಿದರೆ ಉರುಳುವ ಚಕ್ರದಿಂದ ಬ್ಯಾಟರಿಗೆ ಕರೆಂಟು ಮರಳುತ್ತದಂತೆ. ಡಂಬಳದ ಇಳಿಜಾರಿನಲ್ಲಿ ಅವರು ಕಾಲೆತ್ತಿದರು. ಮೀಟರಿನಲ್ಲಿ ಐವತ್ತೆಂಟು ಇದ್ದ ಬ್ಯಾಟರಿಯ ಅಂಕಿ ನನ್ನ ಕಣ್ಣೆದುರೇ ಐವತ್ತೊಂಬತ್ತಾಯಿತು. ಓಡುವ ಗಾಡಿಯ ಡೀಸೆಲ್ ಟ್ಯಾಂಕು ತುಂಬಿಕೊಳ್ಳುವುದನ್ನು ಯಾರಾದರೂ ಕಂಡಿದ್ದಾರೆಯೇ? ಮೂವತ್ತು ವರ್ಷ ಈ ಮನುಷ್ಯ ಇದೇ ಬಸ್ಸಿಗಾಗಿ ಕಾಲು ಪಳಗಿಸುತ್ತಿದ್ದರೇನೋ ಅನ್ನಿಸಿತು. ಸಂಜೆ ಗದಗ ಮುಟ್ಟಿದಾಗ ಇಪ್ಪತ್ತಾರು ಉಳಿದಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಗೋಪಣ್ಣ ಸಂಕೋಚದಿಂದ ನನಗೆ ಹೇಳಿದ: ಈ ಯೋಜನೆಯಲ್ಲಿ ಬಸ್ಸಿನ ಜೊತೆ ಡ್ರೈವರನೂ ಕಂಪನಿಯವನೇ, ಕಂಡಕ್ಟರ್ ಮಾತ್ರ ಡಿಪೋದವರು. ನಾನು ನೆಟ್ಟಗೆ ಅಲ್ಲಾಉದ್ದೀನರ ಹತ್ತಿರ ಹೋದೆ.

"ಚಾಚಾ, ಈ ಬಸ್ಸು ಬಂದ್ರ ನಿಮ್ಮನ್ನ ಈ ದಾರಿ ಬಿಡಸ್ತಾರಂತ. ಗೊತ್ತಿತ್ತೇನ್ರಿ?"

"ಗೊತ್ತಿತ್ತವಾ. ಯೋಜನಾದ ಕಾಗದ ಓದೇ ಬಸ್ಸು ಹತ್ತೀನಿ."

"ಮತ್ಯಾಕ ಗೆಲ್ಲಿಸಿದ್ರಿ?"

"ಆಕಿ ದಿನಾ ಸ್ಟ್ಯಾಂಡಿನ ಹೊಗ್ಯಾಗ ಕುಂತಿರ್ತಾಳಲ್ಲ" ಎಂದರು.

ಹೊಸ ಬಸ್ಸು ಶುರುವಾದ ದಿನ ಅಲ್ಲಾಉದ್ದೀನರು ರಜೆ ಹಾಕಿ, ನನ್ನ ಕೈಯಿಂದಲೇ ಟಿಕೆಟ್ ತೆಗೆಸಿಕೊಂಡು ಗೋಪಣ್ಣನ ಬೆನ್ನ ಹಿಂದಿನ ಸೀಟಿನಲ್ಲಿ ಕೂತರು. ಡಂಬಳದ ಇಳಿಜಾರು ಬರುವ ಮೊದಲೇ, ಚಪ್ಪಲಿ ಸಮೇತ ಅವರ ಬಲಗಾಲು ಮೇಲೆದ್ದಿತು. ಗೋಪಣ್ಣನದು ಇನ್ನೂ ಒತ್ತಿಯೇ ಇತ್ತು.

"ಈಗ ತಮ್ಮಾ" ಎಂದರು ಮೆಲ್ಲಗೆ.

ಗೋಪಣ್ಣ ಕಾಲೆತ್ತಿದ. ಅಂಕಿ ಒಂದು ಏರಿತು.